ಕಲಿತದ್ದು ಜೊತೆಗೆ ಬರಬೇಕು

ಪುಣೆಯ ಸ್ವಾರಗೇಟ ಬಸ್ ನಿಲ್ದಾಣದಿಂದ ಎಂಜಿನಿಯರುಗಳು ಎರಡು ದಿಕ್ಕಿಗೆ ಹೋಗುತ್ತಾರೆ. ಬೆಳಗಾವಿ, ವಿಜಯಪುರ, ಹುಬ್ಬಳ್ಳಿಯ ಬಸ್ಸುಗಳಲ್ಲಿ ಬಂದಿಳಿದವರಲ್ಲಿ ಹಲವರು ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಗಳಿಗೋ ಚಾಕಣ, ಪಿಂಪರಿಯ ಕಾರ್ಖಾನೆಗಳಿಗೋ ಹೋಗುವವರು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದಂಥ ಗಡಿ ತಾಲೂಕುಗಳ ಕನ್ನಡ ಮನೆಗಳಿಂದ ಬಂದ ಕೆಲವರು ಮಾತ್ರ ಆ ಕಡೆ ತಿರುಗದೆ, ಹತ್ತಿರದಲ್ಲೇ ಇರುವ ಸದಾಶಿವ ಪೇಠೆ, ನಾರಾಯಣ ಪೇಠೆಯ ಓಣಿಗಳನ್ನು ಹಿಡಿಯುತ್ತಾರೆ. ಅಲ್ಲಿ ಕಾಟ್ ಬೇಸಿಸ್ ಮೇಲೆ ಮಲಗಲು ಜಾಗ ಸಿಗುತ್ತದೆ, ತಿಂಗಳ ಲೆಕ್ಕದ ಮೆಸ್ ಇದೆ, ‘ಅಭ್ಯಾಸಿಕಾ’ ಎಂಬ ಬೋರ್ಡು ಹಾಕಿದ ಓದುವ ಕೋಣೆಗಳಿವೆ. ಮಹಾರಾಷ್ಟ್ರದ ಎಂಪಿಎಸ್‌ಸಿ, ಕೇಂದ್ರದ ಯುಪಿಎಸ್‌ಸಿ ಪರೀಕ್ಷೆಗಳಿಗೆ ಕೂತವರಲ್ಲಿ ಬಿ.ಇ. ಆದವರು ಧಾರಾಳವಾಗಿದ್ದಾರೆ. ಎಂ.ಟೆಕ್ ಮುಗಿಸಿದವರೂ ಇದ್ದಾರೆ. ಊರಲ್ಲಿರುವ ಅಪ್ಪ ಅವರನ್ನು ಫೋನಿನಲ್ಲಿ ಕೇಳುವುದು ಸಾಮಾನ್ಯವಾಗಿ ಒಂದೇ ಮಾತು: “ಎಂ.ಟೆಕ್ ಮುಗಿಸಿ ಮತ್ತ ಪರೀಕ್ಷಾಕ್ಕ ಕುಂತೀಯಲ್ಲಪಾ, ಇಷ್ಟ ದಿನ ಓದಿದ್ದು ಎಲ್ಲಿ ಹೋತು?”

ಈ ಪ್ರಶ್ನೆಯನ್ನು ಬೇಸರದ ಮಾತೆಂದು ತಳ್ಳಿಹಾಕುವುದು ತಪ್ಪು. ಎಂಜಿನಿಯರಿಂಗ್‌ನಲ್ಲಿ ಎರಡು, ಮೂರು ಪದವಿ ಪಡೆದವರು ಎಂಜಿನಿಯರಿಂಗ್ ಬಿಟ್ಟು ಬೇರೆ ಕೆಲಸ ಹಿಡಿಯುವ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ‘ಬಿಡಬಹುದೇ, ಬಿಡಬಾರದೇ’ ಎಂಬಲ್ಲೇ ಸುತ್ತುತ್ತದೆ. ಸೀಟು ವ್ಯರ್ಥವಾಯಿತು ಎಂದು ಒಬ್ಬರು, ಮನಸ್ಸಿಗೆ ಬಂದದ್ದನ್ನು ಮಾಡಲಿ ಎಂದು ಇನ್ನೊಬ್ಬರು. ಅಪ್ಪನ ಪ್ರಶ್ನೆ ಇವೆರಡಕ್ಕಿಂತ ಸೂಕ್ಷ್ಮವಾದದ್ದು. ಅವನು ಕೇಳುತ್ತಿರುವುದು ಓದು ಎಲ್ಲಿ ಹೋಯಿತು ಎಂದು. ನನ್ನ ವಾದವೂ ಅಲ್ಲಿಂದಲೇ ಹೊರಡುತ್ತದೆ. ಕೆಲಸದ ಹೆಸರು ಬದಲಾದರೆ ನಷ್ಟವೇನೂ ಇಲ್ಲ. ಹೋಗುವವರು ತಮ್ಮ ಓದನ್ನು ಜೊತೆಗೆ ಒಯ್ದರೆ ಹೋದ ಕ್ಷೇತ್ರಕ್ಕೂ ಲಾಭ, ಅವರಿಗೂ ಲಾಭ. ಓದನ್ನು ಕಾಲೇಜಿನಲ್ಲೇ ಬಿಟ್ಟು ಬರೀ ಪದವಿಪತ್ರ ಹಿಡಿದು ಹೋದರೆ ಮಾತ್ರ ನಿಜವಾದ ನಷ್ಟ. ದುಃಖದ ಸಂಗತಿಯೆಂದರೆ ನಾವು ನಮ್ಮ ಮಕ್ಕಳಿಗೆ ತೋರಿಸಿಕೊಟ್ಟಿರುವ ‘ಬೇರೆ ದಾರಿ’ಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವು.

ಹಾಗಾದರೆ ಎಂ.ಟೆಕ್, ಪಿಎಚ್.ಡಿ.ಗಳಲ್ಲಿ ಕಲಿಯುವುದಾದರೂ ಏನು? ಬಿ.ಇ. ಪರೀಕ್ಷೆಯಲ್ಲಿ ಕೊಡುವ ಲೆಕ್ಕಕ್ಕೆ ಉತ್ತರ ಇದ್ದೇ ಇರುತ್ತದೆ. ಯಾವ ಸೂತ್ರ ಹಾಕಬೇಕು ಎಂದು ಗೊತ್ತಾದರೆ ಸಾಕು. ಥೀಸಿಸ್ ಬರೆಯಲು ಕೂತವರ ಮುಂದಿರುವ ಲೆಕ್ಕಕ್ಕೆ ಉತ್ತರ ಇದೆಯೋ ಇಲ್ಲವೋ ಗೈಡಿಗೂ ಗೊತ್ತಿರುವುದಿಲ್ಲ. ಹಿಂದಿನವರು ಏನು ಮಾಡಿದ್ದಾರೆ ಎಂದು ಹುಡುಕಬೇಕು, ಅವರ ಮಾತನ್ನು ನಂಬುವ ಮೊದಲು ಅಳೆಯಬೇಕು. ಪ್ರಯೋಗ ಕೈಕೊಟ್ಟಾಗ ತಪ್ಪು ಯಂತ್ರದ್ದೋ ತನ್ನ ಊಹೆಯದ್ದೋ ಎಂದು ಬೇರ್ಪಡಿಸಬೇಕು. ಕೊನೆಗೆ ಬಂದ ಅಂಕಿಯ ಪಕ್ಕದಲ್ಲಿ ಅದು ಎಷ್ಟರ ಮಟ್ಟಿಗೆ ಹೆಚ್ಚುಕಡಿಮೆ ಆಗಬಹುದು ಎಂದೂ ಬರೆಯಬೇಕು. ಈ ಕೊನೆಯದನ್ನು ನಾನು ಬಹಳ ದೊಡ್ಡ ಶಿಸ್ತು ಎಂದು ತಿಳಿಯುತ್ತೇನೆ. ತನಗೆ ಗೊತ್ತಿರುವುದರ ಗಡಿಯನ್ನು ತಾನೇ ಎಳೆದು ತೋರಿಸಲು ಕಲಿತವರು ಆಡಳಿತದಲ್ಲಿ, ನ್ಯಾಯಾಲಯದಲ್ಲಿ, ಪತ್ರಿಕೆಯಲ್ಲಿ ಎಲ್ಲಿಯೂ ಸುಲಭವಾಗಿ ಸಿಗುವುದಿಲ್ಲ. ಯಾವ ಬ್ರಾಂಚ್ ಓದಿದೆ ಎಂಬುದು ಹತ್ತು ವರ್ಷದಲ್ಲಿ ಹಳತಾಗಬಹುದು, ಈ ಶಿಸ್ತು ಹಳತಾಗುವುದಿಲ್ಲ. ಎಲ್ಲ ಥೀಸಿಸ್‌ಗಳೂ ಹೀಗೆ ತಯಾರಾಗುವುದಿಲ್ಲ, ದುಡ್ಡು ಕೊಟ್ಟರೆ ಪ್ರಾಜೆಕ್ಟ್ ಬರೆದುಕೊಡುವ ಅಂಗಡಿಗಳು ಊರೂರಲ್ಲಿವೆ. ಅಂಥ ಪದವಿ ಪಡೆದವರಿಗೆ ಒಳಗೂ ದಾರಿಯಿಲ್ಲ, ಹೊರಗೂ ಇಲ್ಲ. ನಾನಿಲ್ಲಿ ಹೇಳುತ್ತಿರುವುದು ಕೆಲಸವನ್ನು ತಾವೇ ಮಾಡಿದವರ ಬಗ್ಗೆ.

ಇಂಥವರು ಎಂಜಿನಿಯರಿಂಗ್‌ನ ಆಚೆ ಹೋಗಿ ಏನು ಮಾಡಬಲ್ಲರು ಎಂಬುದಕ್ಕೆ ಸ್ವಾರಗೇಟದ ಆಸುಪಾಸಿನಲ್ಲೇ ಹಳೆಯ ಉದಾಹರಣೆ ಇದೆ. ಖಡಕವಾಸಲಾ ಜಲಾಶಯದಿಂದ ಹೊರಟ ಮುಠಾ ಬಲದಂಡೆ ಕಾಲುವೆ ಪರ್ವತಿ ಗುಡ್ಡದ ಬದಿಯಿಂದ ಬಂದು, ಸ್ವಾರಗೇಟದ ಸಮೀಪ ನಗರವನ್ನು ದಾಟಿ, ಹಡಪಸರದ ಮೂಲಕ ದೌಂಡ, ಇಂದಾಪುರದ ಹೊಲಗಳ ಕಡೆಗೆ ಹೋಗುತ್ತದೆ. 1903ರಲ್ಲಿ ಆ ಖಡಕವಾಸಲಾದಲ್ಲಿ ತಾನೇ ತೆರೆದು ತಾನೇ ಮುಚ್ಚಿಕೊಳ್ಳುವ ಪ್ರವಾಹದ ಬಾಗಿಲುಗಳನ್ನು ಕೂರಿಸಿದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಅವರು ಓದಿದ್ದೂ ಪುಣೆಯಲ್ಲೇ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ, ಈಗ ಸಿಒಇಪಿ ಎಂದು ಕರೆಯುವ ಅಂದಿನ ವಿಜ್ಞಾನ ಕಾಲೇಜಿನಲ್ಲಿ. ಖಡಕವಾಸಲಾದ ಆ ಹಳೆಯ ಅಣೆಕಟ್ಟು 1961ರ ಜುಲೈಯಲ್ಲಿ ಮೇಲಿನ ಪಾನಶೇತ ಅಣೆಕಟ್ಟು ಒಡೆದಾಗ ತಾನೂ ಒಡೆದುಹೋಯಿತು. ಆ ಬಾಗಿಲುಗಳಿಗಿಂತ ನನಗೆ ಮುಖ್ಯವೆನಿಸುವುದು ಅದೇ ಕಾಲದಲ್ಲಿ ಅವರು ದಖ್ಖನಿನ ಕಾಲುವೆಗಳಿಗಾಗಿ ರೂಪಿಸಿದ ಬ್ಲಾಕ್ ಪದ್ಧತಿ. ಕಾಲುವೆಯ ತಲೆಯಲ್ಲಿದ್ದ ಕೆಲವರು ಕಬ್ಬಿಗೆ ಬೇಕಾದಷ್ಟು ನೀರು ಹಾಯಿಸಿಕೊಳ್ಳುತ್ತಿದ್ದರು, ಕೆಳಗಿನ ಹಳ್ಳಿಗಳು ಒಣಗುತ್ತಿದ್ದವು. ನೀರಾವರಿಯ ಜಮೀನನ್ನು ಹಳ್ಳಿಹಳ್ಳಿಯಲ್ಲಿ ಬ್ಲಾಕುಗಳಾಗಿ ವಿಂಗಡಿಸಿ, ಬೆಳೆಗಳನ್ನು ಸರದಿಯ ಮೇಲೆ ಇಟ್ಟು, ಅದೇ ನೀರನ್ನು ಹೆಚ್ಚು ಹಳ್ಳಿಗಳಿಗೆ ಹಂಚುವ ಏರ್ಪಾಡು ಅದು. ಇದರಲ್ಲಿ ಕಲ್ಲು, ಗಾರೆ, ಕಬ್ಬಿಣ ಯಾವುದೂ ಇಲ್ಲ. ಇದು ಹಕ್ಕಿನ ಪ್ರಶ್ನೆ, ಒಪ್ಪಂದದ ಪ್ರಶ್ನೆ, ಮನುಷ್ಯರ ಆಸೆಯ ಪ್ರಶ್ನೆ. ಆದರೆ ಹರಿವನ್ನು ಅಳೆಯಲು ಬಲ್ಲವನಲ್ಲದೆ ಬೇರೆಯವರಿಗೆ ಇದನ್ನು ಕಟ್ಟಿಕೊಡಲಾಗುತ್ತಿರಲಿಲ್ಲ.

ಮುಂದೆ ಅವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗ ನಡೆದದ್ದು ನಮಗೆಲ್ಲ ಗೊತ್ತು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕವನ್ನೇ ಬರೆದರು. ಸೆಪ್ಟೆಂಬರ್ 15ರಂದು ಕಾಲೇಜುಗಳಲ್ಲಿ ಅವರ ಫೋಟೋಕ್ಕೆ ಹಾರ ಹಾಕಿ ಅಣೆಕಟ್ಟು ಕಟ್ಟಿದವರೆಂದು ಭಾಷಣ ಮಾಡುತ್ತೇವೆ. ಅದೇ ಕಾಲೇಜಿನ ಎಂ.ಟೆಕ್ ವಿದ್ಯಾರ್ಥಿ ಬ್ಯಾಂಕಿಂಗ್‌ನಲ್ಲಿಯೋ ಅರ್ಥಶಾಸ್ತ್ರದಲ್ಲಿಯೋ ಆಸಕ್ತಿ ತೋರಿಸಿದರೆ ‘ಡೈವರ್ಟ್ ಆದ’ ಎನ್ನುತ್ತೇವೆ. ವಿಶ್ವೇಶ್ವರಯ್ಯನವರ ಅರ್ಧ ಬದುಕನ್ನು ಮರೆತರೆ ಮಾತ್ರ ಹೀಗೆ ಹೇಳಲು ಸಾಧ್ಯ.

ಅವರಿಗೆ ಸಿಕ್ಕಂಥ ದಿವಾನಗಿರಿ ಇಂದು ಯಾರಿಗೂ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಇಂದಿನ ದಾರಿಗಳು ಚಿಕ್ಕವು, ಹಲವು, ಮತ್ತು ಹೆಚ್ಚಿನವರ ಕಣ್ಣಿಗೆ ಬೀಳದಂಥವು. ಖಡಕವಾಸಲಾದ ನೀರಿನಲ್ಲಿ ಪುಣೆ ನಗರಕ್ಕೆಷ್ಟು, ಕೆಳಗಿನ ರೈತರಿಗೆಷ್ಟು ಎಂಬ ಜಗಳ ಇನ್ನೂ ಮುಗಿದಿಲ್ಲ. ಇಂಥ ವಿಷಯಗಳನ್ನು ನೋಡಿಕೊಳ್ಳಲೆಂದೇ ಮಹಾರಾಷ್ಟ್ರ 2005ರಲ್ಲಿ ಕಾನೂನು ಮಾಡಿ ಜಲಸಂಪತ್ತು ನಿಯಂತ್ರಣ ಪ್ರಾಧಿಕಾರವನ್ನು ರಚಿಸಿತು. ಕರ್ನಾಟಕದಲ್ಲಿ ವಿದ್ಯುತ್ ದರ ನಿಗದಿಗೆ 1999ರಿಂದ ಕೆಇಆರ್‌ಸಿ ಎಂಬ ನಿಯಂತ್ರಣ ಆಯೋಗ ಇದೆ. ನಿಯಂತ್ರಣ ಆಯೋಗಗಳು ಬಂದಮೇಲೆ ಹೊಸದೊಂದು ಬಗೆಯ ಕೆಲಸ ಹುಟ್ಟಿತು. ಕಂಪನಿ ಸಲ್ಲಿಸಿದ ಸಾವಿರ ಪುಟದ ಅರ್ಜಿಯನ್ನು ಓದಿ, ಅದರಲ್ಲಿ ಹೇಳಿದ ಪ್ರಸರಣ ನಷ್ಟ ನಿಜವೇ, ಇಂಧನದ ಲೆಕ್ಕ ಸರಿಯೇ ಎಂದು ನೋಡುವವರು ಬೇಕಾದರು. ಇದು ಸ್ಥಾವರ ನಡೆಸುವ ಕೆಲಸವಲ್ಲ. ಆದರೆ ಸ್ಥಾವರ ಹೇಗೆ ನಡೆಯುತ್ತದೆಂದು ಗೊತ್ತಿಲ್ಲದವರು ಮಾಡುವ ಕೆಲಸವೂ ಅಲ್ಲ.

ಪುಣೆಯ ‘ಪ್ರಯಾಸ’ ಸಂಸ್ಥೆಯ ಇಂಧನ ತಂಡ ಇದನ್ನು ಮಾಡಿ ತೋರಿಸಿತು. ಎನ್ರಾನ್ ಕಂಪನಿಯ ದಾಭೋಳ ಸ್ಥಾವರದಿಂದ ವಿದ್ಯುತ್ ಕೊಳ್ಳಲು 1993ರಲ್ಲಿ ಮಹಾರಾಷ್ಟ್ರ ವಿದ್ಯುತ್ ಮಂಡಳಿ ಒಪ್ಪಂದ ಮಾಡಿಕೊಂಡಾಗ, ಅದನ್ನು ವಿರೋಧಿಸಿದವರೂ ಬೆಂಬಲಿಸಿದವರೂ ಬಹುಪಾಲು ರಾಜಕೀಯದ ಮಾತನ್ನೇ ಆಡುತ್ತಿದ್ದರು. ಐಐಟಿ ಬಾಂಬೆಯಲ್ಲಿ ಓದಿದ ಎಂಜಿನಿಯರ್ ಗಿರೀಶ ಸಂತ ಮತ್ತು ಅವರ ಜೊತೆಗಾರರು ಒಪ್ಪಂದದ ಕರಾರುಗಳನ್ನು ಹಿಡಿದು ಕೂತು, ಅದು ಮಂಡಳಿಯ ಮೇಲೆ ಹೊರಿಸುವ ಭಾರವನ್ನು ಲೆಕ್ಕ ಹಾಕಿ ಜನರ ಮುಂದಿಟ್ಟರು. 2001ರಲ್ಲಿ ಮಂಡಳಿ ಆ ವಿದ್ಯುತ್ತಿನ ಖರೀದಿಯನ್ನೇ ನಿಲ್ಲಿಸಬೇಕಾಗಿ ಬಂತು. ಗಿರೀಶ ಸಂತ 2012ರಲ್ಲಿ ತೀರಿಕೊಂಡರು. ಅವರನ್ನು ಎಂಜಿನಿಯರಿಂಗ್ ಬಿಟ್ಟವರೆಂದು ಕರೆಯಬೇಕೋ, ಎಂಜಿನಿಯರಿಂಗನ್ನು ಜನರ ಬಳಿಗೆ ತಂದವರೆಂದು ಕರೆಯಬೇಕೋ? ನನ್ನ ಮಟ್ಟಿಗೆ ಎರಡನೆಯದೇ ನಿಜ.

ನ್ಯಾಯಾಲಯದ ದಾರಿಯೂ ಇದೆ, ಅದರ ಒಂದು ಬಾಗಿಲು ಪುಣೆಯಲ್ಲೇ ಇದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪಶ್ಚಿಮ ವಲಯ ಪೀಠ ಇರುವುದು ಈ ನಗರದಲ್ಲಿ. ಈ ಮಂಡಳಿಯ 2010ರ ಕಾಯ್ದೆ ಒಂದು ಅಪರೂಪದ ಏರ್ಪಾಡು ಮಾಡಿದೆ. ನ್ಯಾಯಾಂಗ ಸದಸ್ಯರ ಪಕ್ಕದಲ್ಲಿ ತಜ್ಞ ಸದಸ್ಯರೂ ಕೂತು ತೀರ್ಪು ಕೊಡುತ್ತಾರೆ. ತಜ್ಞ ಸದಸ್ಯರಿಗೆ ಆ ಕಾಯ್ದೆ ಹೇಳಿದ ಅರ್ಹತೆಗಳಲ್ಲಿ ಎಂ.ಇ. ಅಥವಾ ಎಂ.ಟೆಕ್ ಪದವಿಯ ಹೆಸರು ನೇರವಾಗಿ ಬರುತ್ತದೆ. ಅದರ ಮೇಲೆ 15 ವರ್ಷಗಳ ಅನುಭವ, ಅದರಲ್ಲಿ 5 ವರ್ಷ ಪರಿಸರ ಮತ್ತು ಅರಣ್ಯ ಕ್ಷೇತ್ರದಲ್ಲಿ. ಪೀಠದ ಮೇಲೆ ಕೂರುವವರು ಕೆಲವೇ ಮಂದಿ, ನಿಜ. ಆದರೆ ಅವರ ಮುಂದೆ ಬರುವ ಪ್ರತಿ ಪ್ರಕರಣಕ್ಕೂ ಮಾಲಿನ್ಯದ ಅಳತೆ, ಹಾನಿಯ ಅಂದಾಜು, ಸ್ಥಳ ಪರಿಶೀಲನೆಯ ವರದಿ ಬೇಕು. ಪರಿಸರ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಮಾಡಿ, ಅದರ ಮೇಲೆ ಮೂರು ವರ್ಷದ ಎಲ್‌ಎಲ್.ಬಿ. ಓದಿದವರ ಕೊರತೆ ನಮ್ಮ ನ್ಯಾಯಾಲಯಗಳಲ್ಲಿ ಎಷ್ಟಿದೆ ಎಂಬುದು ಯಾವ ಹಿರಿಯ ವಕೀಲರನ್ನು ಕೇಳಿದರೂ ತಿಳಿಯುತ್ತದೆ.

ಕಾನೂನು ಓದದೆಯೇ ಕಾನೂನಿನ ಕೆಲಸ ಮಾಡುವ ಅವಕಾಶ ಪೇಟೆಂಟ್ ಕ್ಷೇತ್ರದಲ್ಲಿದೆ. 1970ರ ಪೇಟೆಂಟ್ ಕಾಯ್ದೆಯ 126ನೆಯ ಕಲಮಿನ ಪ್ರಕಾರ ಪೇಟೆಂಟ್ ಏಜೆಂಟ್ ಆಗಲು ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಇರಬೇಕು, 21 ವರ್ಷ ತುಂಬಿರಬೇಕು, ಅದಕ್ಕೆಂದೇ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ವಕೀಲಿಕೆಯ ಪದವಿ ಬೇಕಿಲ್ಲ. ಹೊಸದೆಂದು ಹೇಳಿಕೊಳ್ಳುವ ಒಂದು ಆವಿಷ್ಕಾರ ಹಿಂದೆ ಎಲ್ಲಿಯಾದರೂ ಪ್ರಕಟವಾಗಿದೆಯೇ ಎಂದು ಹುಡುಕುವುದು, ಅದರ ಹಕ್ಕಿನ ಗಡಿಯನ್ನು ಒಂದು ಪದವೂ ಹೆಚ್ಚಾಗದಂತೆ, ಒಂದೂ ಕಡಿಮೆಯಾಗದಂತೆ ಬರೆಯುವುದು ಇದರ ತಿರುಳು. ಹಿಂದಿನವರ ಸಂಶೋಧನೆಯನ್ನು ಪರಿಶೀಲಿಸುವ ಥೀಸಿಸ್‌ನ ಎರಡನೆಯ ಅಧ್ಯಾಯ ಬರೆದವರಿಗೆ ಇದರ ಅರ್ಧ ಕೆಲಸ ಆಗಲೇ ಬಂದಿರುತ್ತದೆ. ಗಾಯ ಮಾಯಿಸಲು ಅರಿಶಿನ ಬಳಸುವುದರ ಮೇಲೆ 1995ರಲ್ಲಿ ಅಮೆರಿಕ ಕೊಟ್ಟ ಪೇಟೆಂಟನ್ನು ನಮ್ಮ ಕೇಂದ್ರ ಸರ್ಕಾರದ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಪ್ರಶ್ನಿಸಿದಾಗ, ಹಳೆಯ ಗ್ರಂಥಗಳ, ಲೇಖನಗಳ ಆಧಾರದ ಮೇಲೆ 1997ರಲ್ಲಿ ಅದು ರದ್ದಾಯಿತು. ಆಗ ಸಿಎಸ್‌ಐಆರ್ ಮುಖ್ಯಸ್ಥರಾಗಿದ್ದ ರಘುನಾಥ ಮಾಶೇಲ್ಕರ್ ರಾಸಾಯನಿಕ ಎಂಜಿನಿಯರಿಂಗ್‌ನಲ್ಲಿ ಪಿಎಚ್.ಡಿ. ಪಡೆದವರು, ಅದಕ್ಕೂ ಮೊದಲು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕರು. ಪೇಟೆಂಟ್ ಮಾಹಿತಿಯ ಮೇಲೆ ಕೆಲಸ ಮಾಡುವ ಸಿಎಸ್‌ಐಆರ್‌ನ ಯುಆರ್‌ಡಿಐಪಿ ಘಟಕವೂ ಇದೇ ನಗರದಲ್ಲಿದೆ. ಸ್ವಾರಗೇಟದಲ್ಲಿ ಬಂದಿಳಿಯುವ ನಮ್ಮ ಎಂ.ಟೆಕ್ ಹುಡುಗರಲ್ಲಿ ಎಷ್ಟು ಮಂದಿ ಈ ಹೆಸರನ್ನಾದರೂ ಕೇಳಿರುತ್ತಾರೆ? ಅವರಿಗೆ ಹೇಳಿದವರಿಲ್ಲ. ಕ್ಯಾಂಪಸ್ ಪ್ಲೇಸ್‌ಮೆಂಟ್ ನಡೆಸುವವರಿಗೆ ಒಮ್ಮೆಗೇ ಐವತ್ತು ಜನರನ್ನು ಒಯ್ಯುವ ಕಂಪನಿ ಬೇಕು. ಒಬ್ಬೊಬ್ಬರನ್ನೇ ಆರಿಸುವ ಇಂಥ ಕಚೇರಿಗಳು ಅವರ ಪಟ್ಟಿಗೆ ಬರುವುದಿಲ್ಲ.

ಇನ್ನು ಪೇಠೆಗಳ ಓದುವ ಕೋಣೆಗಳಿಗೆ ಬರುತ್ತೇನೆ. ಅಲ್ಲಿ ಕೂತವರ ಶ್ರಮವನ್ನು ನಾನು ಕಡಿಮೆ ಮಾಡಿ ಹೇಳಲಾರೆ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಓದಿ, ಒಂದು ಹೊತ್ತು ಮೆಸ್ ಊಟ ಬಿಟ್ಟು ದುಡ್ಡು ಉಳಿಸಿ, ಊರಿನ ಮದುವೆ ಮುಂಜಿಗಳಿಂದ ತಪ್ಪಿಸಿಕೊಂಡು ಬದುಕುವ ಮಕ್ಕಳು ಅವರು. ಸರ್ಕಾರಿ ಹುದ್ದೆಯ ಆಸೆಯೂ ತಪ್ಪಲ್ಲ. ನನ್ನ ತಕರಾರು ಇಷ್ಟೆ: ಯುಪಿಎಸ್‌ಸಿ ನಾಗರಿಕ ಸೇವೆಯಲ್ಲಿ ಇಡೀ ದೇಶಕ್ಕೆ ವರ್ಷಕ್ಕೆ ತುಂಬುವ ಹುದ್ದೆ ಸಾವಿರದ ಆಸುಪಾಸು. 2025ರ ಅಧಿಸೂಚನೆಯಲ್ಲಿ ಇದ್ದದ್ದು 979. ಸಾಮಾನ್ಯ ವರ್ಗದವರಿಗೆ ಆರು ಪ್ರಯತ್ನ, 32ರ ವಯಸ್ಸಿನ ಮಿತಿ. ಹೀಗೆ ಐದಾರು ವರ್ಷ ಕೂತವರು ಕೊನೆಗೆ ಎದ್ದಾಗ, ಎಂ.ಟೆಕ್‌ನಲ್ಲಿ ಕಲಿತದ್ದು ಕೈಬಿಟ್ಟಿರುತ್ತದೆ. ಉದ್ಯೋಗ ಕೊಡುವವರು ಆ ವರ್ಷಗಳನ್ನು ‘ಗ್ಯಾಪ್’ ಎನ್ನುತ್ತಾರೆ. ಇಷ್ಟು ವರ್ಷ ಓದಿದವರನ್ನು ಮತ್ತೆ ಎಲ್ಲರ ಜೊತೆ ಒಂದೇ ಗೆರೆಯ ಮೇಲೆ ನಿಲ್ಲಿಸುವ ಪರೀಕ್ಷೆ ಅದು; ಅವರ ಎರಡನೆಯ ಪದವಿಗೆ ಅಲ್ಲಿ ಯಾವ ಕೆಲಸವೂ ಇಲ್ಲ. ಐಚ್ಛಿಕ ವಿಷಯವಾಗಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಇದ್ದರೂ, ಅಂಕ ಹೆಚ್ಚು ಬರುತ್ತದೆಂಬ ಲೆಕ್ಕದಲ್ಲಿ ಅನೇಕರು ಅದನ್ನೂ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳುತ್ತಾರೆ. ಕನ್ನಡ ಸಾಹಿತ್ಯವನ್ನೇ ಐಚ್ಛಿಕವಾಗಿ ಆರಿಸಿಕೊಳ್ಳುವ ಎಂಜಿನಿಯರುಗಳಿದ್ದಾರೆ, ಆ ನೆಪದಲ್ಲಾದರೂ ಪಂಪ, ಕುಮಾರವ್ಯಾಸರನ್ನು ಓದುತ್ತಾರೆಂಬುದು ನನಗೆ ಸಂತೋಷವೇ.

ಪರೀಕ್ಷೆ ಗೆದ್ದಮೇಲೆ ಓದು ಮತ್ತೆ ಎಚ್ಚರಗೊಂಡ ಉದಾಹರಣೆಯೂ ನಮ್ಮ ರಾಜ್ಯದಲ್ಲಿದೆ, ಅದನ್ನು ಮುಚ್ಚಿಟ್ಟರೆ ವಾದ ಪ್ರಾಮಾಣಿಕವಾಗುವುದಿಲ್ಲ. ಕರ್ನಾಟಕದ ‘ಭೂಮಿ’ ಯೋಜನೆಯನ್ನು ಮುಂದೆ ನಿಂತು ನಡೆಸಿದ ರಾಜೀವ ಚಾವ್ಲಾ ಎಂಜಿನಿಯರಿಂಗ್ ಓದಿ ಐಎಎಸ್ ಸೇರಿದವರು. 177 ತಾಲೂಕುಗಳಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿ, ಶಾನುಭೋಗಿಕೆಯ ಕಾಲದಿಂದ ಬಂದ ಕೈಬರಹದ ಅಧಿಕಾರವನ್ನು ಕಳಚಿ, 15 ರೂಪಾಯಿಗೆ ಉತಾರ ಸಿಗುವಂತೆ ಮಾಡಿದ ಕೆಲಸ ಅದು. ತಲಾಠಿಯ ಮನೆಯ ಮುಂದೆ ಕಾಯುವುದು ಏನೆಂದು ಗೊತ್ತಿದ್ದ ಉತ್ತರ ಕರ್ನಾಟಕದ ರೈತರಿಗೆ ಇದರ ತೂಕ ಗೊತ್ತು. ಅಂದರೆ ಸೇವೆಯ ಒಳಗೆ ಹೋದಮೇಲೆ ಓದು ಕೆಲಸಕ್ಕೆ ಬರಬಲ್ಲದು. ಆದರೆ ಒಳಗೆ ಹೋಗದೆ ಉಳಿಯುವ ಲಕ್ಷಾಂತರ ಮಂದಿಗೆ ಈ ಸಮಾಧಾನ ಸಾಲದು.

ಹರೀಶ್ ಹಂದೆಯವರ ಕಥೆ ಇದಕ್ಕೆ ತೀರ ಭಿನ್ನವಾದದ್ದು. ಖರಗಪುರದ ಐಐಟಿಯಲ್ಲಿ ಇಂಧನ ಎಂಜಿನಿಯರಿಂಗ್, ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಲೊವೆಲ್ ಕ್ಯಾಂಪಸ್ಸಿನಲ್ಲಿ ಸ್ನಾತಕೋತ್ತರ, ಪಿಎಚ್.ಡಿ. ದೊಡ್ಡ ಸೌರ ಸ್ಥಾವರಗಳ ಮೇಲೆ ಸಂಶೋಧನೆ ಮಾಡಬೇಕೆಂದಿದ್ದವರು ಡೊಮಿನಿಕನ್ ಗಣರಾಜ್ಯದ ಬಡವರು ಸೌರ ದೀಪಕ್ಕೆ ದುಡ್ಡು ಕೊಟ್ಟು ಬಳಸುವುದನ್ನು ಕಂಡು ದಿಕ್ಕು ಬದಲಿಸಿದರು. 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಆರಂಭವಾಯಿತು. ಅವರು ಕಂಡುಕೊಂಡದ್ದು ಏನೆಂದರೆ, ಹಳ್ಳಿಯ ಮನೆಗೆ ದೀಪ ಬಾರದಿರಲು ತಂತ್ರಜ್ಞಾನ ಕಾರಣವಾಗಿರಲಿಲ್ಲ. ದೀಪದ ಪೂರ್ತಿ ಬೆಲೆಯನ್ನು ಒಮ್ಮೆಗೇ ಕೊಡಲು ಕೂಲಿಯವಳಿಗೆ ಆಗುತ್ತಿರಲಿಲ್ಲ, ಕಂತಿನಲ್ಲಿ ಆಗುತ್ತಿತ್ತು. ಮಲಪ್ರಭಾ ಗ್ರಾಮೀಣ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್‌ನಂಥ ಬ್ಯಾಂಕುಗಳನ್ನು ಒಪ್ಪಿಸಿ ಸೌರ ದೀಪಕ್ಕೆ ಸಾಲ ಕೊಡಿಸುವುದು ಅವರ ಮುಖ್ಯ ಕೆಲಸವಾಯಿತು. ಬೀದಿ ವ್ಯಾಪಾರಿ ದಿನದ ಲೆಕ್ಕದಲ್ಲಿ ದುಡಿಯುತ್ತಾನೆ, ಅಡಿಕೆ ಬೆಳೆಗಾರ ವರ್ಷದ ಲೆಕ್ಕದಲ್ಲಿ. ಕಂತೂ ಹಾಗೇ ಇರಬೇಕು ಎಂಬುದು ಬ್ಯಾಂಕ್ ಮ್ಯಾನೇಜರನಿಗೆ ಹೇಳಬೇಕಾದ ಪಾಠ. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪಿಎಚ್.ಡಿ. ಮಾಡಿದವರು ಸಾಲದ ಕಂತಿನ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಇಳಿತವೆಂದು ಭಾವಿಸುವವರು ಈ ಕಥೆಯನ್ನು ನಿಧಾನವಾಗಿ ಓದಬೇಕು. ಸಮಸ್ಯೆ ನಿಜವಾಗಿ ಎಲ್ಲಿದೆಯೋ ಅಲ್ಲಿಗೆ ಹೋಗುವುದೇ ಸಂಶೋಧನೆ. ಅದು ಪ್ರಯೋಗಾಲಯದಿಂದ ಬ್ಯಾಂಕಿನ ಕೌಂಟರಿಗೆ ಹೋಗಿದ್ದರೆ, ಸಂಶೋಧಕನೂ ಅಲ್ಲಿಗೇ ಹೋಗಬೇಕು.

ಸಾಹಿತ್ಯಕ್ಕೆ ಹೋದವರ ವಿಷಯದಲ್ಲಿ ನನ್ನ ಅಳತೆಗೋಲು ಸ್ವಲ್ಪ ಬಾಗಲೇಬೇಕು. ಶಿಗ್ಗಾವಿಯಲ್ಲಿ ಹುಟ್ಟಿ, ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಬಿ.ಇ., ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಂಪ್ಯೂಟರ್ ಸ್ನಾತಕೋತ್ತರ ಪದವಿ ಪಡೆದ ಸುಧಾ ಮೂರ್ತಿ 1974ರಲ್ಲಿ ಟೆಲ್ಕೋದ ಜಾಹೀರಾತಿನಲ್ಲಿ ಹೆಣ್ಣುಮಕ್ಕಳು ಅರ್ಜಿ ಹಾಕಬೇಕಿಲ್ಲ ಎಂದಿದ್ದನ್ನು ಕಂಡು ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್‌ಕಾರ್ಡ್ ಬರೆದರು. ಪುಣೆಯಲ್ಲಿ ಸಂದರ್ಶನ ನಡೆದು ಕೆಲಸಕ್ಕೆ ಸೇರಿದರು. ಮುಂದೆ ಅವರು ಹಿಡಿದದ್ದು ಅಧ್ಯಾಪನ, ಬರವಣಿಗೆ, ಸಮಾಜಸೇವೆಯ ದಾರಿ. ಸಂಡೂರಿನ ವಸುಧೇಂದ್ರ ಸುರತ್ಕಲ್ಲಿನಲ್ಲಿ ಬಿ.ಇ., ಅದೇ ವಿಜ್ಞಾನ ಸಂಸ್ಥೆಯಲ್ಲಿ ಎಂ.ಇ. ಮಾಡಿ, ವರ್ಷಗಳ ಕಾಲ ಸಾಫ್ಟ್‌ವೇರ್ ಕೆಲಸ ಮಾಡಿ, ಅದನ್ನು ಬಿಟ್ಟು ಕತೆಗಾರರೂ ಛಂದ ಪುಸ್ತಕದ ಪ್ರಕಾಶಕರೂ ಆದರು. 2019ರ ಅವರ ಕಾದಂಬರಿ ‘ತೇಜೋ ತುಂಗಭದ್ರಾ’ ಲಿಸ್ಬನ್, ಗೋವಾ, ವಿಜಯನಗರಗಳ ನಡುವೆ ಓಡಾಡುತ್ತದೆ. ಅದರ ಹಿಂದಿನ ಆಕರ ಶೋಧನೆಯ ತಾಳ್ಮೆಯನ್ನು ಅವರ ಓದಿಗೆ ಜೋಡಿಸಿ ನೋಡಬೇಕೆಂದು ನನಗೆ ಆಸೆ. ಆದರೆ ಅವರ ‘ಮೋಹನಸ್ವಾಮಿ’ಯ ಕತೆಗಳನ್ನು ಬರೆಸಿದ್ದು ಯಾವ ಪದವಿಯೂ ಅಲ್ಲ. ಯಶವಂತ ಚಿತ್ತಾಲರು ಮೂರನೆಯ ಬಗೆಯವರು. ನ್ಯೂಜೆರ್ಸಿಯ ಸ್ಟೀವನ್ಸ್ ಇನ್‌ಸ್ಟಿಟ್ಯೂಟಿನಲ್ಲಿ ರಾಸಾಯನಿಕ ಎಂಜಿನಿಯರಿಂಗ್ ಓದಿ, ಪ್ಲಾಸ್ಟಿಕ್ ಉದ್ಯಮದಲ್ಲೇ ದುಡಿದು, ಆ ಕಂಪನಿ ಜಗತ್ತಿನ ಭಯವನ್ನೇ 1979ರ ‘ಶಿಕಾರಿ’ಯಲ್ಲಿ ಇಟ್ಟರು. ಬಿಡದೆಯೇ ಆಚೆಗೆ ಹೋದವರು ಅವರು. ಇಸ್ರೋವನ್ನು ಮುನ್ನಡೆಸಿದ ಸತೀಶ್ ಧವನ್ ಲಾಹೋರಿನಲ್ಲಿ ಮೆಕ್ಯಾನಿಕಲ್ ಪದವಿಗೂ ಮೊದಲೇ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದ್ದವರು. ಮನುಷ್ಯನ ಒಲವನ್ನು ಸೀಟಿನ ಲೆಕ್ಕದಲ್ಲಿ ಅಳೆಯಲಾಗದು ಎನ್ನುವ ಕಡೆ ನಾನು ವಾದವನ್ನು ನಿಲ್ಲಿಸುತ್ತೇನೆ. ಬರೆಯಲೇಬೇಕಾದವರು ಬರೆಯಲಿ, ಅವರಿಂದ ಯಾರೂ ಲೆಕ್ಕ ಕೇಳದಿರಲಿ.

ಆದರೆ ಲೆಕ್ಕ ಕೇಳಲೇಬೇಕಾದ ಇನ್ನೊಂದು ಕಡೆ ಇದೆ. ಮೇಲೆ ಹೆಸರಿಸಿದವರಲ್ಲಿ ಹಲವರು ಐಐಟಿ, ವಿಜ್ಞಾನ ಸಂಸ್ಥೆಗಳಿಂದ ಬಂದವರು. ಅವರಿಗೆ ಒಂದು ದಾರಿ ಕೈಕೊಟ್ಟರೆ ಇನ್ನೊಂದು ಇದ್ದೇ ಇತ್ತು. ಇಂಡಿ ತಾಲೂಕಿನ ಖಾಸಗಿ ಬಸ್ಸಿನಲ್ಲಿ ರಾತ್ರಿಯಿಡೀ ಕೂತು ಬರುವ ಎಂ.ಟೆಕ್ ಹುಡುಗನ ಹಿಂದೆ ಶಿಕ್ಷಣ ಸಾಲವಿರುತ್ತದೆ, ತಂಗಿಯ ಮದುವೆಯಿರುತ್ತದೆ. ಗೇಟ್ ಪಾಸಾಗಿ ಎಂ.ಟೆಕ್ ಸೇರಿದವರಿಗೆ ಎಐಸಿಟಿಇ ಕೊಡುವುದು ತಿಂಗಳಿಗೆ 12,400 ರೂಪಾಯಿ. ವರ್ಷಗಳಿಂದ ಅಷ್ಟೇ ಇದೆ, ಪುಣೆಯಲ್ಲಿ ಅದು ಕೋಣೆಗೂ ಮೆಸ್ಸಿಗೂ ಮುಗಿಯುತ್ತದೆ. ಹೆಣ್ಣುಮಕ್ಕಳ ಕತೆ ಇನ್ನೂ ಬಿಗಿ. ಗಂಡು ಗೊತ್ತಾಗುವವರೆಗೆ ಓದಲಿ ಎಂದು ಊರಿನ ಕಾಲೇಜಿನಲ್ಲೇ ಎಂ.ಟೆಕ್ ಸೇರಿಸುವ ಮನೆಗಳು ನಮ್ಮಲ್ಲಿ ಎಷ್ಟೋ. ಆ ಹುಡುಗಿ ಪ್ರಯೋಗಾಲಯದಲ್ಲಿ ಮೊದಲನೆಯವಳಾಗಿರುತ್ತಾಳೆ, ಮದುವೆಯ ಮರುವರ್ಷ ಅವಳ ಥೀಸಿಸ್ ಅಟ್ಟ ಸೇರುತ್ತದೆ. ಇಂಥವರಿಗೆ ‘ಧೈರ್ಯ ಮಾಡಿ, ಮನಸ್ಸಿನ ಮಾತು ಕೇಳಿ’ ಎಂದು ಉಪದೇಶಿಸುವುದು ಕ್ರೂರವೆಂದೇ ನನ್ನ ಅಭಿಪ್ರಾಯ. ಧೈರ್ಯವನ್ನು ಮಕ್ಕಳಿಂದ ಕೇಳುವ ಮೊದಲು ದಾರಿಯನ್ನು ಸಂಸ್ಥೆಗಳು ತೋರಿಸಬೇಕು.

ತೋರಿಸುವುದು ಅಂಥ ಕಷ್ಟವೇನಲ್ಲ. ಕೆಲವು ಬಾಗಿಲುಗಳು ಆಗಲೇ ತೆರೆದಿವೆ. ಗೇಟ್ ಪರೀಕ್ಷೆಯಲ್ಲಿ 2021ರಿಂದ ಮಾನವಿಕ ಮತ್ತು ಸಮಾಜ ವಿಜ್ಞಾನದ ಪತ್ರಿಕೆಯೇ ಇದೆ. ಅರ್ಥಶಾಸ್ತ್ರ, ಭಾಷಾವಿಜ್ಞಾನ, ಮನಶ್ಶಾಸ್ತ್ರ, ತತ್ತ್ವಶಾಸ್ತ್ರ, ಸಮಾಜಶಾಸ್ತ್ರ ಅದರಲ್ಲಿವೆ. ಭಾಷೆ ಮತ್ತು ಕಂಪ್ಯೂಟರ್ ಸೇರುವ ಕೆಲಸಕ್ಕೆ ಪುಣೆಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಒಂದು ಕಡೆ ಭಾಷಾವಿಜ್ಞಾನಕ್ಕೆ ಹೆಸರಾದ ಡೆಕ್ಕನ್ ಕಾಲೇಜು, ಇನ್ನೊಂದು ಕಡೆ 1988ರಲ್ಲಿ ಆರಂಭವಾಗಿ ಭಾರತೀಯ ಲಿಪಿಗಳನ್ನು ಕಂಪ್ಯೂಟರಿಗೆ ತರುವ ಕೆಲಸ ಮಾಡಿದ ಸಿ-ಡ್ಯಾಕ್. ಕನ್ನಡವನ್ನು ಚೆನ್ನಾಗಿ ಬಲ್ಲ ಕಂಪ್ಯೂಟರ್ ಎಂ.ಟೆಕ್ ಒಬ್ಬರಿಗೆ ಇಲ್ಲಿ ಜೀವಮಾನದ ಕೆಲಸವಿದೆ. ಅದಕ್ಕೆ ಮನೆಯಲ್ಲಿ ಕನ್ನಡ ಮಾತಾಡಿದರೆ ಸಾಲದು, ಬರೆಯಲು ಬರಬೇಕು. ಗಡಿಯ ಕನ್ನಡ ಶಾಲೆಗಳಲ್ಲಿ ಓದಿ ಮರಾಠಿಯನ್ನೂ ಕಲಿತ ಜತ್ತ, ಅಕ್ಕಲಕೋಟೆಯ ಮಕ್ಕಳಿಗೆ ಎರಡು ಭಾಷೆಯ ಈ ಬಲ ಬಾಲ್ಯದಿಂದಲೇ ಬಂದಿದೆ. ಯಾವ ಕಾಲೇಜೂ ಅವರಿಗೆ ಇದು ಆಸ್ತಿ ಎಂದು ಹೇಳಿಲ್ಲ.

ಕರ್ನಾಟಕದ ಮಟ್ಟಿಗೆ ನಾನು ಕೇಳುವುದು ತೀರ ಸಣ್ಣದು. ಬೆಳಗಾವಿಯಲ್ಲಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂ.ಟೆಕ್ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್‌ಗೆ ಜಾಗವಿದೆ. ವಿದ್ಯಾರ್ಥಿಗಳು ಅದನ್ನು ಯಾವುದೋ ಕಂಪನಿಯ ಸರ್ಟಿಫಿಕೇಟ್ ತಂದು ಮುಗಿಸುತ್ತಾರೆ. ಹುಬ್ಬಳ್ಳಿಯ ವಿದ್ಯುತ್ ಕಂಪನಿ ಹೆಸ್ಕಾಂ ದರ ಪರಿಷ್ಕರಣೆಗೆ ಅರ್ಜಿ ಹಾಕಿದಾಗ ಕೆಇಆರ್‌ಸಿ ಬಹಿರಂಗ ವಿಚಾರಣೆ ನಡೆಸುತ್ತದೆ. ಅಲ್ಲಿ ರೈತ ಸಂಘದವರು, ಸಣ್ಣ ಕೈಗಾರಿಕೆಯವರು ಎದ್ದು ನಿಂತು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಅರ್ಜಿಯೊಳಗಿನ ಕೋಷ್ಟಕಗಳನ್ನು ಬಿಡಿಸಿ ಅವರ ಪರವಾಗಿ ಮಾತಾಡುವವರು ವಿರಳ. ಪವರ್ ಸಿಸ್ಟಮ್ಸ್ ಓದುವ ನಾಲ್ಕು ವಿದ್ಯಾರ್ಥಿಗಳನ್ನು ಒಬ್ಬ ಗೈಡಿನ ಜೊತೆ ಆ ಅರ್ಜಿಯ ಮುಂದೆ ಎರಡು ತಿಂಗಳು ಕೂರಿಸಿ, ಅವರು ಕಂಡುಕೊಂಡದ್ದನ್ನು ಹತ್ತು ಪುಟ ಕನ್ನಡದಲ್ಲಿ ಬರೆಸಿ, ಆಯೋಗಕ್ಕೆ ಆಕ್ಷೇಪಣೆಯಾಗಿ ಸಲ್ಲಿಸಬಹುದು. ಸಿವಿಲ್ ವಿಭಾಗದವರು ಜಲಜೀವನ ಮಿಷನ್ನಿನ ನಲ್ಲಿಗಳಲ್ಲಿ ನೀರು ಬಾರದ ಒಂದು ಹಳ್ಳಿಯನ್ನು ಹಿಡಿದು, ತಪ್ಪು ಕೊಳವೆಯದೋ ಕೊಳವೆಬಾವಿಯದೋ ಅಂದಾಜುಪಟ್ಟಿಯದೋ ಎಂದು ಗ್ರಾಮಸಭೆಗೆ ಬರೆದುಕೊಡಬಹುದು. ಇದಕ್ಕೆ ಹೊಸ ವಿಭಾಗ ಬೇಡ, ಹೊಸ ಹುದ್ದೆಯೂ ಬೇಡ. ಅಂಥ ವರದಿಯನ್ನು ಇಂಟರ್ನ್‌ಶಿಪ್ ಎಂದು ಒಪ್ಪುತ್ತೇವೆ ಎಂದು ವಿಶ್ವವಿದ್ಯಾಲಯ ಒಂದು ಸುತ್ತೋಲೆ ಹೊರಡಿಸಿದರೆ, ಬರುವ ಶೈಕ್ಷಣಿಕ ವರ್ಷದಲ್ಲೇ ಈ ಕೆಲಸ ಶುರುವಾಗಬಹುದು.